ಮನೆಯಲ್ಲಿ ಮಾಡಿದ್ದನ್ನೇ ತನ್ನಿ

ನಮ್ಮ ಸ್ನೇಹಿತರ ಬಳಗದಲ್ಲಿ ಪಾರ್ಟಿ ಅಂದರೆ ಒಂದೇ ಕಟ್ಟುಪಾಡು. ಹೊರಗಿನಿಂದ ಏನನ್ನೂ ತರಿಸುವಂತಿಲ್ಲ. ಪ್ರತಿಯೊಬ್ಬರೂ ತಮ್ಮ ಮನೆಯಲ್ಲಿ ಮಾಡಿದ ಒಂದು ಅಡುಗೆ ತರಬೇಕು, ಅದು ಎಷ್ಟೇ ಸಾಧಾರಣದ್ದಾಗಿರಲಿ. ಹುಟ್ಟುಹಬ್ಬವಿರಲಿ, ಯಾರಿಗಾದರೂ ವರ್ಗಾವಣೆ ಆಗಿರಲಿ, ಸುಮ್ಮನೆ ಒಂದು ಭಾನುವಾರ ಬಂದಿರಲಿ, ಇದೇ ಲೆಕ್ಕ. ಬಿರಿಯಾನಿ ಆರ್ಡರ್ ಮಾಡಿ, ತಲೆಗಿಷ್ಟು ಅಂತ ಫೋನಿನಲ್ಲೇ ದುಡ್ಡು ಹಾಕಿಬಿಡೋದು ಎಷ್ಟು ಸುಲಭ ಅಂತ ನಮಗೂ ಗೊತ್ತು. ಮೊದಲು ಹಾಗೇ ಮಾಡುತ್ತಿದ್ದೆವು. ಅದನ್ನು ಬಿಟ್ಟು ಡಬ್ಬಿ ಹೊತ್ತುಕೊಂಡು ಬರುವ ದಾರಿ ಹಿಡಿದ ಮೇಲೆ ನಮ್ಮ ನಡುವೆ ಏನೇನು ಬದಲಾಯಿತು ಅನ್ನೋದನ್ನು ಬರೆಯಬೇಕು ಅಂತ ಬಹಳ ದಿನದಿಂದ ಮನಸ್ಸಿನಲ್ಲಿತ್ತು.

ನಾವೆಲ್ಲ ಕೋಲಾರದಲ್ಲಿ ಡಿಗ್ರಿ ಓದುವಾಗ ಜೊತೆಯಾದವರು. ಈಗ ಒಬ್ಬೊಬ್ಬರು ಒಂದೊಂದು ತಾಲ್ಲೂಕಿನಲ್ಲಿದ್ದೇವೆ. ಆಗಿನಿಂದಲೂ ಒಬ್ಬರನ್ನೊಬ್ಬರು ಊರಿನ ಹೆಸರು ಹಿಡಿದೇ ಕರೆಯುವ ರೂಢಿ, ಇಲ್ಲೂ ಹಾಗೇ ಬರೆಯುತ್ತೇನೆ: ಮುಳಬಾಗಿಲು, ಮಾಲೂರು, ಬಂಗಾರಪೇಟೆ, ಶ್ರೀನಿವಾಸಪುರ, ಕೆಜಿಎಫ್, ಚಿಂತಾಮಣಿ. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದಾಗ ಚಿಂತಾಮಣಿ ತಾಲ್ಲೂಕು ಆ ಕಡೆಗೆ ಹೋಯಿತು. ನಮ್ಮ ಚಿಂತಾಮಣಿ ಮಾತ್ರ ನಮ್ಮ ಕಡೆಯೇ ಉಳಿದ. ಸೇರೋದು ಹೆಚ್ಚಾಗಿ ಕೋಲಾರದ ನಮ್ಮ ಮನೆಯ ಮಹಡಿ ಮೇಲೆ, ಎಲ್ಲರಿಗೂ ಹತ್ತಿರ ಬೀಳುತ್ತೆ ಅಂತ.

ಮನೆ ಅಡುಗೆ ಹೊತ್ತು ತಂದು ಹಂಚಿಕೊಂಡು ತಿನ್ನೋದು ನಮ್ಮ ಕಡೆಗೆ ಹೊಸದೇನಲ್ಲ. ಹುಣ್ಣಿಮೆಯ ರಾತ್ರಿ ನಾಲ್ಕೈದು ಮನೆಯವರು ತಮ್ಮ ತಮ್ಮ ಪಾತ್ರೆ ಹಿಡಿದು ಮಹಡಿ ಹತ್ತಿ, ಮಕ್ಕಳನ್ನು ಸುತ್ತ ಕೂರಿಸಿ ಕೈತುತ್ತು ಹಾಕುವ ಬೆಳದಿಂಗಳೂಟ ಇತ್ತು, ಈಗಲೂ ಕೆಲವು ಬೀದಿಗಳಲ್ಲಿ ಇದೆ. ಸಂಕ್ರಾಂತಿಗೆ ಹೆಣ್ಣುಮಕ್ಕಳು ತಟ್ಟೆಯಲ್ಲಿ ಎಳ್ಳು-ಬೆಲ್ಲ, ಸಕ್ಕರೆ ಅಚ್ಚು, ಕಬ್ಬು ಇಟ್ಟುಕೊಂಡು ಮನೆಮನೆಗೆ ಬೀರೋದಿದೆ. ಯುಗಾದಿಯ ಮರುದಿನ ಹೊಸತೊಡಕಿಗೆ ಹಳ್ಳಿಯವರು ದುಡ್ಡು ಕೂಡಿಸಿ ಮರಿ ಹೊಡೆದು, ಗುಡ್ಡೆ ಹಾಕಿ ಹಂಚಿಕೊಳ್ಳೋದಿದೆ. ಆದರೆ ಆ ಮಹಡಿಯ ಮೇಲೆ ಯಾರು ಯಾರ ಪಕ್ಕ ಕೂರುತ್ತಿದ್ದರು, ಆ ತಟ್ಟೆ ಯಾವ ಬೀದಿಯವರೆಗೆ ಹೋಗಿ ಯಾವ ಬೀದಿಗೆ ಮುಂಚೆ ತಿರುಗಿ ಬರುತ್ತಿತ್ತು ಅನ್ನೋದು ಬೇರೆಯೇ ಕಥೆ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಅವರೆಕಾಯಿ.

ಡಿಸೆಂಬರ್ ಹಿಡಿದರೆ ಫೆಬ್ರವರಿವರೆಗೂ ನಮ್ಮ ಪಾರ್ಟಿಗಳಲ್ಲಿ ಬೇರೆ ಮಾತೇ ಇಲ್ಲ. ಮಂಜು ಬಿದ್ದಷ್ಟೂ ಸೊಗಡು ಹೆಚ್ಚು ಅಂತಾರೆ; ಆ ಸೊಗಡವರೆ ಬಿಡಿಸಿದ ಕೈಗೆ ಎಣ್ಣೆಯ ಹಾಗೆ ಅಂಟಿದ ವಾಸನೆ ಎರಡು ಸಲ ಸೋಪು ಹಾಕಿದರೂ ಹೋಗದು. ಹೋಗಬೇಕು ಅಂತ ನಮಗಾರಿಗೂ ಅನಿಸಿಲ್ಲ. ರಾಗಿ ಹೊಲದಲ್ಲಿ ಅಕ್ಕಡಿ ಸಾಲಿಗೆ ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆ ಬಿತ್ತೋದು ಈ ಕಡೆಯ ಹಳೇ ಬೇಸಾಯ. ವರ್ಷವಿಡೀ ಹರಿಯುವ ನದಿಯಿಲ್ಲದ ಜಿಲ್ಲೆ ನಮ್ಮದು. ಮಳೆ ಕೈಕೊಟ್ಟು ಒಂದು ಬೆಳೆ ಹೋದರೆ ಇನ್ನೊಂದಾದರೂ ಕೈಹಿಡಿಯಲಿ ಅಂತ ಹಿರಿಯರು ಹಾಕಿದ ಸಾಲು ಅದು. ಒಂದೇ ಹೊಲದಲ್ಲಿ ಅಕ್ಕಪಕ್ಕ ಬೆಳೆದ ರಾಗಿ ಮತ್ತು ಅವರೆ ಒಂದೇ ತಟ್ಟೆಯಲ್ಲಿ ಮುದ್ದೆಯಾಗಿ, ಸಾರಾಗಿ ಮತ್ತೆ ಸೇರುತ್ತವೆ. ಊಟಕ್ಕೆ ಕೂತಾಗ ನನಗೆ ಇದು ಪ್ರತಿಸಲವೂ ನೆನಪಾಗುತ್ತದೆ.

ಹತ್ತು ಜನಕ್ಕೆ ಹಿದುಕಿದ ಬೇಳೆ ಸಾರು ಮಾಡಬೇಕೆಂದರೆ ನಾಲ್ಕೈದು ಕಿಲೋ ಕಾಯಿ ಬೇಕು. ಬಿಡಿಸಿದ ಕಾಳನ್ನು ರಾತ್ರಿಯೆಲ್ಲ ನೆನೆಸಿ, ಬೆಳಿಗ್ಗೆ ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಒಂದೊಂದನ್ನೇ ಹಿಸುಕಬೇಕು. ಬೇಳೆ ಚಂಗನೆ ಹಾರಿ ಪಾತ್ರೆಗೆ ಬೀಳುತ್ತದೆ, ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ತೆಲುಗು ಮಾತಾಡುವ ಮನೆಯ ಮುಳಬಾಗಿಲು ಅದನ್ನು ಪಿತಿಕಿಪಪ್ಪು ಅನ್ನುತ್ತಾಳೆ. ಅವಳು ಶನಿವಾರ ಸಂಜೆಯೇ ಬಸ್ಸಿನಲ್ಲಿ ಚೀಲ ತುಂಬ ಕಾಯಿ ತಂದು ನಮ್ಮನೆಯಲ್ಲಿ ಉಳಿದುಕೊಳ್ಳುತ್ತಾಳೆ. ಭಾನುವಾರ ಬೆಳಿಗ್ಗೆ ಯಾರು ಮೊದಲು ಬಂದರೂ ಕಾಫಿ ಕೊಟ್ಟು ಬೇಳೆ ಹಿದುಕಲು ಕೂರಿಸೋದೇ. ಗಂಡಸರು, ಮಕ್ಕಳು, ಯಾರಿಗೂ ಬಿಡುಗಡೆಯಿಲ್ಲ. ತೆಂಗಿನಕಾಯಿ, ಕೊತ್ತಂಬರಿ ಸೊಪ್ಪು, ಶುಂಠಿ, ಬೆಳ್ಳುಳ್ಳಿ, ಚಕ್ಕೆ ಲವಂಗ, ಸ್ವಲ್ಪ ಗಸಗಸೆ, ಹಸಿಮೆಣಸಿನಕಾಯಿ ರುಬ್ಬಿ ಹಾಕಿದ ಮಸಾಲೆ ಕುದಿಯುವಾಗ ಕೆಳಗಿನ ರಸ್ತೆಯಲ್ಲಿ ಹೋಗುವವರೂ ತಲೆ ಎತ್ತಿ ನೋಡುತ್ತಾರೆ. ಇದು ಡಬ್ಬಿಯಲ್ಲಿ ಬಂದ ಅಡುಗೆಯಲ್ಲ, ಕಾಯಿಯಾಗಿ ಬಂದು ಇಲ್ಲೇ ಅಡುಗೆಯಾದದ್ದು. ಆದರೂ ನಮ್ಮ ಕಟ್ಟುಪಾಡಿನೊಳಗೆ ಇದನ್ನು ಒಪ್ಪಿಕೊಂಡಿದ್ದೇವೆ. ಹಿದುಕಿದ ಬೇಳೆಗೆ ಕಟ್ಟುಪಾಡು ಸ್ವಲ್ಪ ಸಡಿಲವಾದರೂ ಪರವಾಗಿಲ್ಲ.

ಮುದ್ದೆಗೂ ಹಾಗೇ ಮಾಡಬೇಕಾಯಿತು. ಮುದ್ದೆ ಪ್ರಯಾಣ ಮಾಡುವ ಅಡುಗೆಯಲ್ಲ. ಆರಿದರೆ ಗಟ್ಟಿಯಾಗುತ್ತೆ, ಗಂಟಲಲ್ಲಿ ಇಳಿಯದು. ಅದಕ್ಕೆ ಮಾಲೂರು ಮನೆಯಿಂದ ಹಿಟ್ಟು ಮತ್ತು ಮುದ್ದೆ ಕೋಲು ತರುತ್ತಾನೆ. ಎಲ್ಲರೂ ತಟ್ಟೆ ಹಿಡಿದ ಮೇಲೇ ಒಲೆಗೆ ಎಸರಿಡೋದು. ಮುಳಬಾಗಿಲು ದೋಸೆಯೂ ಹಾಗೆಯೇ, ತವಾದಿಂದ ನೇರ ತಟ್ಟೆಗೆ ಬಿದ್ದರೆ ಮಾತ್ರ ಅದು ದೋಸೆ. ಡಬ್ಬಿಯಲ್ಲಿ ಬರುವ ಅಡುಗೆಯ ಜಾತಕವೇ ಬೇರೆ. ಬಸ್ಸಾರು ಹಿಂದಿನ ದಿನದ್ದಾದರೆ ಇನ್ನೂ ರುಚಿ. ಪುಳಿಯೋಗರೆಗೆ ಹುಣಸೆ ಹುಳಿಯೂ ಎಣ್ಣೆಯೂ ಇರೋದರಿಂದ ಬೇಗ ಕೆಡದು. ಗೊಜ್ಜು ಬೇರೆ, ಅನ್ನ ಬೇರೆ ತಂದು ಇಲ್ಲಿ ಕಲಸಿದರೆ ಇನ್ನೂ ಒಳ್ಳೇದು. ಮೊಸರನ್ನಕ್ಕೆ ನಮ್ಮಮ್ಮ ಕಲಿಸಿಕೊಟ್ಟ ದಾರಿ ಇದೆ: ಮೆತ್ತಗೆ ಬೆಂದ ಅನ್ನವನ್ನು ಕಿವುಚಿ, ಕಾಯಿಸಿ ಆರಿಸಿದ ಹಾಲು ಧಾರಾಳವಾಗಿ ಹಾಕಿ, ಮೊಸರು ಒಂದೇ ಚಮಚ. ಊಟದ ಹೊತ್ತಿಗೆ ಅಲ್ಲೇ ಹೆಪ್ಪಾಗಿರುತ್ತೆ, ಹುಳಿ ಬಂದಿರೋದಿಲ್ಲ.

ಒಂದು ವಿಷಯದಲ್ಲಿ ಮಾತ್ರ ನಾನು ಗಟ್ಟಿಯಾಗಿ ಹೇಳುತ್ತೇನೆ. ಅನ್ನವನ್ನು ಬಿಸಿಬಿಸಿಯಾಗಿ ಡಬ್ಬಿಗೆ ತುಂಬಿ ಗಟ್ಟಿಯಾಗಿ ಮುಚ್ಚಿ, ಬೇಸಿಗೆಯ ಮಧ್ಯಾಹ್ನ ಕಾರಿನಲ್ಲಿಟ್ಟು ತರಬೇಡಿ. ಅಕ್ಕಿಯಲ್ಲಿರುವ ಕೆಲವು ಬ್ಯಾಕ್ಟೀರಿಯಾದ ಬೀಜಕಣಗಳು ಬೇಯಿಸಿದರೂ ಸಾಯುವುದಿಲ್ಲ, ಬೆಚ್ಚಗಿನ ಅನ್ನದಲ್ಲಿ ಮತ್ತೆ ಬೆಳೆಯುತ್ತವೆ, ಅವು ಬಿಟ್ಟ ವಿಷ ಮತ್ತೆ ಬಿಸಿ ಮಾಡಿದರೂ ಹೋಗದು. 5 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಬೇಯಿಸಿದ ಆಹಾರ ಎರಡು ಗಂಟೆಗಿಂತ ಹೆಚ್ಚು ಇರಬಾರದು ಅನ್ನೋದು ಎಲ್ಲೆಡೆ ಹೇಳುವ ಲೆಕ್ಕ. ಹಾಟ್‌ಪ್ಯಾಕಿನಲ್ಲಿ ಹಬೆಯಾಡುತ್ತ ಬರಲಿ, ಇಲ್ಲವೇ ಅಗಲ ತಟ್ಟೆಗೆ ಹರಡಿ ಬೇಗ ಆರಿಸಿ ಫ್ರಿಜ್ಜಿನಲ್ಲಿಟ್ಟು ತಣ್ಣಗೆ ಬರಲಿ. ನಡುವಿನ ಉಗುರುಬೆಚ್ಚಗೆ ಬೇಡ. ವಯಸ್ಸಾದವರು, ಮಕ್ಕಳು ಕೂಡ ಬಂದು ಉಣ್ಣುವ ಜಾಗ ಇದು.

ಕೆಜಿಎಫ್ ತರೋದು ಕಾರಕುಳಂಬು. ಅವರಪ್ಪ ಚಿನ್ನದ ಗಣಿಯಲ್ಲಿ ನೆಲದೊಳಗೆ ಕೆಲಸ ಮಾಡಿದವರು. 1880ರಲ್ಲಿ ಜಾನ್ ಟೇಲರ್ ಕಂಪನಿ ಗಣಿಗಾರಿಕೆ ಹಿಡಿದ ಮೇಲೆ ತಮಿಳು ಸೀಮೆಯಿಂದ ಬಂದು ನೆಲೆಸಿದ ಸಾವಿರಾರು ಮನೆತನಗಳಲ್ಲಿ ಅವರದೂ ಒಂದು. ಶಿಫ್ಟಿಗೆ ಹೋಗುವವರ ಕ್ಯಾರಿಯರಿನಲ್ಲಿ ಹೊತ್ತು ಮೀರಿದರೂ ಕೆಡದ ಹುಳಿಕಾರ ಇರಬೇಕಿತ್ತು, ಅದಕ್ಕೇ ತಮ್ಮ ಮನೆಯಲ್ಲಿ ಈ ಕುಳಂಬು ಅಂತ ಅವನು ಹೇಳುತ್ತಾನೆ. 2001ರಲ್ಲಿ ಗಣಿ ಮುಚ್ಚಿತು. ಅವನೂ ಅಲ್ಲಿನ ಸಾವಿರಾರು ಜನರ ಹಾಗೆ ಕತ್ತಲಿರುವಾಗಲೇ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮನೆ ಸೇರುವವನು. ಭಾನುವಾರ ಒಂದೇ ಅವನಿಗೆ ಬಿಡುವು. ಆ ಭಾನುವಾರವನ್ನು ಅವನು ನಮಗೆ ಕೊಡುತ್ತಾನೆ, ಕೈಯಲ್ಲಿ ಅದೇ ಹಳೇ ನಾಲ್ಕು ಅಡಕದ ಹಿತ್ತಾಳೆ ಕ್ಯಾರಿಯರ್ ಹಿಡಿದು ಬರುತ್ತಾನೆ. ಅದರ ಬಗ್ಗೆ ನನಗೆ ತುಂಬಾ ಗೌರವ.

ಶ್ರೀನಿವಾಸಪುರದ ಗೆಳತಿಯದು ಖುಷ್ಕಾ ಮತ್ತು ದಾಲ್ಚಾ. ಸೋರೆಕಾಯಿ, ಕಡಲೆಬೇಳೆ ಹಾಕಿದ ದಾಲ್ಚಾವನ್ನು ಅವಳು ಎರಡು ಪಾತ್ರೆಯಲ್ಲಿ ತರುತ್ತಾಳೆ, ಒಂದಕ್ಕೆ ಮಟನ್, ಒಂದಕ್ಕೆ ಇಲ್ಲ. ಎರಡಕ್ಕೂ ಬೇರೆ ಬೇರೆ ಸೌಟು, ಅದೂ ಅವಳೇ ಮನೆಯಿಂದ ತಂದದ್ದು. ಸೌಟು ಅದಲುಬದಲಾಗದ ಹಾಗೆ ಮಾಂಸದ ಸೌಟಿಗೆ ಕೆಂಪು ದಾರ ಕಟ್ಟಿರುತ್ತಾಳೆ. ಯಾರೂ ಅವಳನ್ನು ಹಾಗೆ ಮಾಡು ಅಂತ ಕೇಳಿದ್ದಿಲ್ಲ. ಚಿಂತಾಮಣಿಯ ಮನೆಯಲ್ಲಿ ಮಾಂಸ ಮಾಡೋದಿಲ್ಲ ಅನ್ನೋದು ಅವಳ ನೆನಪಿನಲ್ಲಿತ್ತು, ಅಷ್ಟೇ. ಆ ಕೆಂಪು ದಾರ ನೋಡಿದ ಮೇಲೆ ಮೊಟ್ಟೆ ಹಾಕಿದ ಕೇಕು ತಂದವರು ಬಾಯಿಬಿಟ್ಟು ಹೇಳಲು ಶುರುಮಾಡಿದರು. ಸಕ್ಕರೆ ಕಾಯಿಲೆ ಇರುವವರಿಗೆ ಅಂತ ಬೆಲ್ಲವೂ ಹಾಕದ ಒಂದು ಪಾಯಸದ ಬಟ್ಟಲು ಬೇರೆ ಬರತೊಡಗಿತು. ಒಬ್ಬರು ಏನು ತಿನ್ನುತ್ತಾರೆ, ಏನು ತಿನ್ನೋದಿಲ್ಲ ಅನ್ನೋದನ್ನು ಅವರು ಹೇಳುವ ಮೊದಲೇ ನೆನಪಿಟ್ಟುಕೊಳ್ಳೋದಕ್ಕಿಂತ ದೊಡ್ಡ ಸ್ನೇಹ ನಾನು ಹೆಚ್ಚು ಕಂಡಿಲ್ಲ.

ಈಗ ಬಂಗಾರಪೇಟೆಯ ಮಾತು. ಅವಳನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ.

ಅವಳು ಮೊದಮೊದಲು ಬರುವಾಗೆಲ್ಲ ಬೇಕರಿಯಿಂದ ಸ್ವೀಟ್ ಬಾಕ್ಸ್ ತರುತ್ತಿದ್ದಳು. ಕಟ್ಟುಪಾಡು ಗೊತ್ತಿದ್ದೂ, "ಟೈಮೇ ಆಗ್ಲಿಲ್ಲ ಕಣೇ" ಅನ್ನುತ್ತಿದ್ದಳು. ಅವಳ ಕೈ ಅಡುಗೆ ಎಂಥದ್ದು ಅಂತ ಅವರ ಮನೆಯಲ್ಲಿ ಉಂಡ ನನಗೆ ಗೊತ್ತು. ಒಂದು ದಿನ ಪಾತ್ರೆ ತೊಳೆಯುವಾಗ ತಾನಾಗಿಯೇ ಹೇಳಿದಳು. ಹಿಂದೆ ಅವಳು ಕೆಲಸ ಮಾಡುತ್ತಿದ್ದ ಕಡೆ ಮಧ್ಯಾಹ್ನ ಎಲ್ಲರೂ ಡಬ್ಬಿ ಬಿಚ್ಚಿ ಒಬ್ಬರದನ್ನೊಬ್ಬರು ಹಂಚಿಕೊಂಡು ತಿನ್ನುತ್ತಿದ್ದರಂತೆ. ಇವಳ ಡಬ್ಬಿಗೆ ಮಾತ್ರ ಯಾರ ಕೈಯೂ ಬರುತ್ತಿರಲಿಲ್ಲ. ಯಾರೂ ಒಂದು ಕೆಟ್ಟ ಮಾತು ಆಡಿದವರಲ್ಲ. "ಹೊಟ್ಟೆ ತುಂಬಿದೆ ಮೇಡಂ", "ಇವತ್ತು ನಂದು ಉಪವಾಸ" ಅನ್ನುತ್ತಿದ್ದರು. ಅದೇ ಜನ ಅವಳು ಬೇಕರಿಯಿಂದ ತಂದ ಮೈಸೂರು ಪಾಕನ್ನು ಎರಡೆರಡು ಸಲ ಕೇಳಿ ತಿನ್ನುತ್ತಿದ್ದರು. ದಲಿತರ ಮನೆಯ ಒಲೆ ದಾಟಿ ಬಂದದ್ದು ಬೇಡ, ಬೇಕರಿಯ ಒಲೆ ದಾಟಿ ಬಂದದ್ದು ಆದೀತು. ಅವತ್ತಿನಿಂದ ಎಲ್ಲಿಗೆ ಹೋದರೂ ಅಂಗಡಿಯದ್ದೇ ಒಯ್ಯೋದು ಅವಳಿಗೆ ಅಭ್ಯಾಸವಾಗಿಬಿಟ್ಟಿತ್ತು.

ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು. 15ನೇ ವಿಧಿ ಅಂಗಡಿ, ಹೋಟೆಲುಗಳಿಗೆ ಯಾರನ್ನೂ ಜಾತಿಯ ಕಾರಣಕ್ಕೆ ತಡೆಯುವಂತಿಲ್ಲ ಅಂದಿತು. 1955ರಲ್ಲಿ ಅದಕ್ಕೆ ಶಿಕ್ಷೆ ವಿಧಿಸುವ ಕಾಯ್ದೆಯೂ ಬಂತು. ಹಳ್ಳಿ ಹೋಟೆಲುಗಳ ಎರಡು ಲೋಟದ ಪದ್ಧತಿಯ ವಿರುದ್ಧ ಹೋರಾಡಿದವರಿಗೆ ಕೈಗೆ ಒಂದು ಕಾನೂನಾದರೂ ಇತ್ತು. ಊಟದ ಹೊತ್ತಿನಲ್ಲಿ ಬಿಚ್ಚಿಟ್ಟ ಡಬ್ಬಿಯನ್ನು ಮುಟ್ಟದೆ ಪಕ್ಕಕ್ಕೆ ಸರಿಸುವವರ ಮೇಲೆ ಯಾವ ಕೇಸು ಹಾಕೋದು? ಅಲ್ಲಿ ಮಾಡಬೇಕಾದ ಕೆಲಸ ಜೊತೆಗೆ ಕೂತವರದ್ದೇ. ಎಲ್ಲರೂ ದುಡ್ಡು ಹಾಕಿ ಹೋಟೆಲಿನಿಂದ ತರಿಸಿದರೆ ಯಾರು ಯಾರ ಮನೆಯದನ್ನು ಉಣ್ಣುತ್ತಾರೆ ಅನ್ನೋ ಪ್ರಶ್ನೆಯೇ ಏಳೋದಿಲ್ಲ, ಹೌದು. ಆದರೆ ಅದು ಏಳದೆ ಇರೋದರಿಂದಲೇ ಹಾಗೇ ಉಳಿದುಬಿಡುತ್ತದೆ. ಹತ್ತಿಪ್ಪತ್ತು ವರ್ಷ ಜೊತೆಗೆ ಬಿರಿಯಾನಿ ತಿಂದವರು ಒಬ್ಬರ ಮನೆಯ ಸಾರಿನ ರುಚಿ ಒಬ್ಬರಿಗೆ ಗೊತ್ತಿಲ್ಲದೆ ಇರಬಹುದು. ನಾನು ಮನೆ ಅಡುಗೆಯ ಕಟ್ಟುಪಾಡನ್ನು ಬಿಗಿಯಾಗಿ ಹಿಡಿದುಕೊಂಡಿರೋದು ಇದಕ್ಕೆ.

"ಮುಂದಿನ ಸಲ ನಿಮ್ಮಮ್ಮನ ಬೆರಕೆ ಸೊಪ್ಪಿನ ಸಾರು ತಗೊಂಡ್ಬಾ" ಅಂದೆ. ತಂದಳು. ಅವರಮ್ಮ ಹೊಲದ ಬದುವಿನಲ್ಲಿ ಆಯ್ದು ತಂದ ಅಣ್ಣೆ, ಗೋಣಿ, ಗಣಿಕೆ, ಕೀರೆ ಸೊಪ್ಪುಗಳು. ಬೇಯಿಸಿ, ಮಸೆದು, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟದ್ದು. ಮಾಲೂರು ಮುದ್ದೆ ಕಟ್ಟಿದ. ನಾವು ಯಾರೂ ಅದನ್ನೊಂದು ದೊಡ್ಡ ವಿಷಯ ಮಾಡಲಿಲ್ಲ, ಭಾಷಣ ಮಾಡಲಿಲ್ಲ. ಎಲ್ಲರೂ ಉಂಡೆವು, ಕೆಲವರು ಎರಡನೇ ಸಲ ಹಾಕಿಸಿಕೊಂಡರು, ಪಾತ್ರೆ ಖಾಲಿಯಾಯಿತು. ಚಿಂತಾಮಣಿ ಮಾಂಸ ತಿನ್ನೋದಿಲ್ಲ, ಅದು ಅವನ ಇಷ್ಟ, ಅದಕ್ಕೆ ಯಾರ ತಕರಾರೂ ಇಲ್ಲ. ಆದರೆ ಮಾಂಸ ಬೇಡ ಅನ್ನೋದು ಒಂದು, ಮಾಂಸ ತಿನ್ನುವವರ ಮನೆಯ ಸೊಪ್ಪಿನ ಸಾರೂ ಬೇಡ ಅನ್ನೋದು ಇನ್ನೊಂದು. ಎರಡನ್ನೂ ಒಂದೇ ಮಾಡಿ, ಊಟದ ಅಭ್ಯಾಸದ ಮರೆಯಲ್ಲಿ ಜಾತಿ ಕಾಪಾಡಿಕೊಳ್ಳುವವರು ಬಹಳ ಜನ. ಚಿಂತಾಮಣಿ ಹಾಗೆ ಮಾಡಲಿಲ್ಲ.

ಅವನು ಸ್ವಲ್ಪ ಸಾರನ್ನು ಮನೆಗೂ ಒಯ್ದ. ಅವರಮ್ಮ ಅದನ್ನು ಅಡುಗೆಮನೆಯೊಳಗೆ ಇಡಲು ಬಿಡಲಿಲ್ಲವಂತೆ. ಮುಂದಿನ ಸಲ ಬಂದಾಗ ಅವನು ಅದನ್ನು ಮುಚ್ಚಿಡದೆ ಎಲ್ಲರ ಎದುರು ಹೇಳಿದ, ಹೇಳುವಾಗ ಅವನ ದನಿ ನಡುಗುತ್ತಿತ್ತು. ಬಂಗಾರಪೇಟೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀನು ತಿಂದ್ಯಲ್ಲ, ಸಾಕು ಬಿಡು" ಅಂದಳು. ನನಗೆ ಸಾಕು ಅನಿಸಲಿಲ್ಲ, ಇವತ್ತಿಗೂ ಅನಿಸೋದಿಲ್ಲ. ಒಂದು ಮಹಡಿಯ ಊಟದಿಂದ ಜಾತಿ ಹೋಗುತ್ತೆ ಅಂತ ನಾನು ನಂಬಿಲ್ಲ. ಆದರೆ ಹಿಂದಿನ ಬೆಳದಿಂಗಳೂಟಗಳಲ್ಲಿ ಒಂದೇ ಬೀದಿಯ, ಒಂದೇ ಕುಲದ ಪಾತ್ರೆಗಳು ಮಾತ್ರ ಸಾಲಾಗಿ ಕೂರುತ್ತಿದ್ದವು. ನಮ್ಮ ಮಹಡಿಯಲ್ಲಿ ದಾಲ್ಚಾದ ಪಕ್ಕ ಬೆರಕೆ ಸೊಪ್ಪು, ಅದರ ಪಕ್ಕ ಕಾರಕುಳಂಬು, ಅದರ ಪಕ್ಕ ಚಿಂತಾಮಣಿಯ ಮನೆಯ ಹಯಗ್ರೀವ ಇರುತ್ತವೆ. ಮಕ್ಕಳು ಅದನ್ನು ನೋಡಿಕೊಂಡು, ಉಂಡುಕೊಂಡು ಬೆಳೆಯುತ್ತಿದ್ದಾರೆ. ಅವರಿಗೆ ಇದೇ ಮಾಮೂಲು.

ಇನ್ನೊಂದು ವಿಷಯ, ಅಡುಗೆ ಮಾಡುವ ಕೈ ಯಾರದು ಅನ್ನೋದು. "ನಾನು ಪುಳಿಯೋಗರೆ ತಂದೆ" ಅಂತ ಗಂಡಸು ಹೇಳಿದಾಗ ಬೆಳಿಗ್ಗೆ ಐದಕ್ಕೆ ಎದ್ದವಳು ಅವನ ಹೆಂಡತಿಯೋ ತಾಯಿಯೋ ಆಗಿರುತ್ತಾಳೆ. ಪಾರ್ಟಿಗೆ ಹೋಗೋದು ಅವನು, ಭಾನುವಾರದ ನಿದ್ದೆ ಹೋಗೋದು ಅವಳದ್ದು. ಮುಳಬಾಗಿಲು ಇದನ್ನು ನೇರವಾಗಿಯೇ ಎತ್ತಿದಳು. ಅವತ್ತಿನಿಂದ ಡಬ್ಬಿ ಮುಚ್ಚಳ ತೆಗೆಯುವಾಗಲೇ "ಯಾರು ಮಾಡಿದ್ದು?" ಅಂತ ಕೇಳುತ್ತೇವೆ, ಮಾಡಿದವರ ಹೆಸರು ಹೇಳಬೇಕು, ಹೊಗಳಿಕೆ ಫೋನ್ ಮಾಡಿ ಅವರಿಗೇ ತಲುಪಿಸಬೇಕು. ಮಾಡಿದವರೂ ಊಟಕ್ಕೆ ಬರಬೇಕು. ಹೀಗೆ ಕೇಳಿಸಿಕೊಂಡೇ ಕೆಲವರು ಅಡುಗೆ ಕಲಿತರು. ಮಾಲೂರು ಮೊದಲು ಕಲಿತದ್ದು ಹುಚ್ಚೆಳ್ಳು ಚಟ್ನಿಪುಡಿ: ಹುಚ್ಚೆಳ್ಳನ್ನು ಸಣ್ಣ ಉರಿಯಲ್ಲಿ ಸಿಡಿಯುವವರೆಗೆ ಹುರಿದು, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆಹಣ್ಣು, ಉಪ್ಪು ಸೇರಿಸಿ ಕುಟ್ಟೋದು. ಮುದ್ದೆ ಕಟ್ಟೋದನ್ನು ಅದಾದ ಮೇಲೆ ಕಲಿತ. ಈಗ ಅವನ ಮನೆಯಲ್ಲಿ ವಾರದ ದಿನವೂ ಅವನೇ ಮುದ್ದೆ ಕೋಲು ಹಿಡಿಯುತ್ತಾನೆ ಅಂತ ಅವನ ಹೆಂಡತಿ ಹೇಳಿದಾಗ ನಮಗಾದ ಸಂತೋಷ ಅಷ್ಟಿಷ್ಟಲ್ಲ.

ಖರ್ಚಿನ ವಿಚಾರವೂ ಇದೆ. 2023ರ ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕಿಲೋ ಟೊಮೆಟೊ ಬಾಕ್ಸು 2,000 ರೂಪಾಯಿ ದಾಟಿತ್ತು. ಟೊಮೆಟೊ ಬೆಳೆಯುವ ಊರಿನಲ್ಲೇ ಟೊಮೆಟೊ ಕೊಳ್ಳಲಾಗದ ಕಾಲ. ಆ ತಿಂಗಳು ನಮ್ಮ ಊಟದಲ್ಲಿ ಎಲ್ಲಾ ಸಾರಿಗೂ ಹುಣಸೆಹಣ್ಣೇ. ಯಾರೂ ಮೊದಲೇ ಮಾತಾಡಿಕೊಂಡಿರಲಿಲ್ಲ, ಎಲ್ಲರ ಮನೆಯಲ್ಲೂ ಅದೇ ನಡೆಯುತ್ತಿತ್ತು. ಪನ್ನೀರು, ಗೋಡಂಬಿ ಹಾಕಿ ಒಬ್ಬರಿಗಿಂತ ಒಬ್ಬರು ಜೋರು ಮಾಡಲು ಹೊರಟರೆ ಕಡಿಮೆ ಸಂಬಳದವರು ನೆವ ಹೇಳಿ ಬರೋದನ್ನೇ ಬಿಡುತ್ತಾರೆ. ಹಾಗಾಗಿ ಹೊಸಬರು "ಏನು ತರಲಿ?" ಅಂತ ಕೇಳಿದರೆ, ವಾರದ ನಡುವೆ ಮನೆಯಲ್ಲಿ ಏನು ಮಾಡ್ಕೋತೀರೋ ಅದನ್ನೇ ಸ್ವಲ್ಪ ಜಾಸ್ತಿ ಮಾಡಿ ತನ್ನಿ ಅನ್ನುತ್ತೇನೆ. ಹುಚ್ಚೆಳ್ಳು ಪುಡಿಗೆ ಬಿದ್ದಷ್ಟು ಕೈ ನಮ್ಮ ಪಾರ್ಟಿಗಳಲ್ಲಿ ಇನ್ಯಾವುದಕ್ಕೂ ಬಿದ್ದದ್ದಿಲ್ಲ.

ಉಳಿದದ್ದನ್ನು ಹಂಚಿಕೊಳ್ಳೋದಕ್ಕೂ ಒಂದು ಪದ್ಧತಿ ಮಾಡಿಕೊಂಡಿದ್ದೇವೆ: ಯಾರೂ ತಾವು ತಂದದ್ದನ್ನು ವಾಪಸ್ ಒಯ್ಯುವಂತಿಲ್ಲ, ಬೇರೆಯವರದ್ದನ್ನೇ ತುಂಬಿಕೊಂಡು ಹೋಗಬೇಕು. ಸೋಮವಾರ ಬೆಳಿಗ್ಗೆ ಕೆಜಿಎಫ್ ರೈಲಿನಲ್ಲಿ ಬಿಚ್ಚುವ ಡಬ್ಬಿಯಲ್ಲಿ ನಮ್ಮನೆಯ ಚಿತ್ರಾನ್ನ ಇರುತ್ತದೆ, ನನ್ನ ಮಧ್ಯಾಹ್ನದ ಡಬ್ಬಿಯಲ್ಲಿ ಅವನ ಕುಳಂಬು.

ಅವರೆ ಕಾಲ ಮುಗಿಯುತ್ತಾ ಬಂತು. ಮುಂದಿನದು ಯುಗಾದಿ ಆದಮೇಲಿನ ಹುಣ್ಣಿಮೆಗೆ, ರಾತ್ರಿ ಊಟ. ಶ್ರೀನಿವಾಸಪುರದ ಹಣ್ಣು ಮಾರುಕಟ್ಟೆಗೆ ಬರಲು ಮೇ ಕಳೆಯಬೇಕು, ಆಗ ಇನ್ನೂ ಕಾಯಿಯೇ. ಅವಳು ಮಾವಿನಕಾಯಿ ಉಪ್ಪಿನಕಾಯಿ ತರುತ್ತೇನೆ ಅಂದಿದ್ದಾಳೆ, ನಾನು ಮಾವಿನಕಾಯಿ ಚಿತ್ರಾನ್ನ. ಮಾಲೂರು ಈ ಸಲ ಬೇಳೆ ಹೋಳಿಗೆಗೆ ಕೈಹಾಕಿದ್ದಾನೆ. ಅವರಮ್ಮ ಕಣಕ ನಾದಿಕೊಡ್ತೀನಿ ಅಂದರೂ ಬೇಡ ಅಂದನಂತೆ. ಬಂಗಾರಪೇಟೆ ಅವರಮ್ಮನನ್ನೇ ಕರೆದುಕೊಂಡು ಬರುತ್ತಿದ್ದಾಳೆ. ಚಿಂತಾಮಣಿಯೂ ಅವರಮ್ಮನನ್ನು ಕರೆದಿದ್ದಾನೆ, ಅವರು ಇನ್ನೂ ಏನೂ ಹೇಳಿಲ್ಲ.